‘ಈ ಲೋಕ ನಮ್ಮ ಮನೆಯಲ್ಲ’ ಅನ್ನುವ ಮಾತು ವಾಕ್ಯಕ್ಕೆ ಎಷ್ಟು ಹೊಂದುತ್ತದೆ? ನಾಲ್ಕು ವಾರದ ಬೈಬಲ್ ಸ್ಟಡಿಗೆ ಸಹಾಯ ಬೇಕು

ಬುಧವಾರದ ಗುಂಪು (ಪ್ರಶ್ನೆ)

ಎಲ್ಲರಿಗೂ ವಂದನೆಗಳು. ಬರುವ ತಿಂಗಳು ಸಭೆಯಲ್ಲಿ ನಾಲ್ಕು ಬುಧವಾರ ‘ಮನೆ’ ಎಂಬ ವಿಷಯದ ಮೇಲೆ ಬೈಬಲ್ ಸ್ಟಡಿ ನಡೆಸಬೇಕಾಗಿದೆ. ಒಂದೊಂದು ಸಲಕ್ಕೆ ಒಂದೂಕಾಲು ಗಂಟೆ. ಸುಮಾರು 25 ಜನ ಬರುತ್ತಾರೆ. ಅರ್ಧದಷ್ಟು ಮಂದಿ ರಾಯಚೂರು, ಬೀದರ್, ಕೋಲಾರದ ಕಡೆಯಿಂದ ಬೆಂಗಳೂರಿಗೆ ಬಂದು ಬಾಡಿಗೆ ಮನೆಯಲ್ಲಿರುವವರು. ಉಳಿದವರು 70 ದಾಟಿದ ಹಿರಿಯರು.

‘ಈ ಲೋಕ ನಮ್ಮ ಮನೆಯಲ್ಲ, ನಾವಿಲ್ಲಿ ದಾಟಿಹೋಗುವವರು’ ಎಂದು ಪ್ರಸಂಗಗಳಲ್ಲಿ ಕೇಳುತ್ತಲೇ ಇರುತ್ತೇವೆ. ಅಬ್ರಹಾಮ ಮೊದಲಾದ ಪಿತೃಗಳು ಭೂಮಿಯಲ್ಲಿ ಪರದೇಶಿಗಳಾಗಿ ಬದುಕಿದರು ಅನ್ನುವ ಇಬ್ರಿಯ 11 ಹಾಗೇ ಹೇಳುವಂತಿದೆ. ಆದರೆ ಯೆರೆಮೀಯ 29ರಲ್ಲಿ ದೇವರು ಸೆರೆಹೋದ ಯೆಹೂದ್ಯರಿಗೆ ಬಾಬೆಲಿನಲ್ಲೇ ಮನೆ ಕಟ್ಟಿಕೊಳ್ಳಿ, ತೋಟ ಮಾಡಿಕೊಳ್ಳಿ ಅನ್ನುತ್ತಾನೆ. ಎರಡನ್ನೂ ಒಂದೇ ಸ್ಟಡಿಯಲ್ಲಿ ಹೇಗೆ ಇಡುವುದು? ಇನ್ನೊಂದು, ಯೋಹಾನ 14:2ರಲ್ಲಿ ‘ನನ್ನ ತಂದೆಯ ಮನೆಯಲ್ಲಿ ಬಹಳ ಬಿಡಾರಗಳು’ ಎಂದಿದೆ. ನಮ್ಮ ಮಾತಿನಲ್ಲಿ ಬಿಡಾರ ಅಂದರೆ ನಾಲ್ಕು ದಿನ ಇಳಿದುಕೊಳ್ಳುವ ಜಾಗ. ಪರಲೋಕವೂ ಹಾಗೇನಾ ಎಂದು ಯಾರಾದರೂ ಕೇಳಿದರೆ ಏನು ಹೇಳಲಿ? ಈ ವಿಷಯ ಎತ್ತಿಕೊಂಡವರು ಸಾಮಾನ್ಯವಾಗಿ ಎಲ್ಲಿ ಎಡವುತ್ತಾರೆ ಎಂಬುದನ್ನೂ ತಿಳಿದವರು ಹೇಳಿದರೆ ಉಪಕಾರ.

ಕೊಯಿನೇ ಓದುಗ

ಮೊದಲು ಪದಗಳನ್ನು ಬಿಡಿಸಿಕೊಳ್ಳಿ, ಅರ್ಧ ಗೊಂದಲ ಅಲ್ಲೇ ಕರಗುತ್ತದೆ. ಸತ್ಯವೇದ ಕನ್ನಡಕ್ಕೆ ಬಂದ ಮೇಲೆ ನಮ್ಮ ಪದಗಳೇ ಅರ್ಥ ಬದಲಿಸಿಕೊಂಡಿವೆ.

1 ಪೇತ್ರ 2:11ರಲ್ಲಿ ಎರಡು ಗ್ರೀಕ್ ಪದಗಳು ಜೋಡಿಯಾಗಿ ಬರುತ್ತವೆ: ಪರೊಯಿಕೊಸ್ ಮತ್ತು ಪರೆಪಿದೇಮೊಸ್. ನಾವು ‘ಪ್ರವಾಸಿ’, ‘ಪರದೇಶಿ’ ಎಂದು ಓದಿಕೊಳ್ಳುತ್ತೇವೆ. ಇವತ್ತು ಪ್ರವಾಸಿ ಅಂದರೆ ಜೋಗ ನೋಡಲು ಬಂದವನು. ಪರದೇಶಿ ಅಂದರೆ ಹೇಳುವವರು ಕೇಳುವವರು ಇಲ್ಲದವನು, ಹೆಚ್ಚುಕಡಿಮೆ ಬೈಗುಳ. ಪೇತ್ರನ ಮಾತಿನಲ್ಲಿ ಈ ಎರಡೂ ಇಲ್ಲ. ಪರೆಪಿದೇಮೊಸ್ ಅಂದರೆ ಸ್ವಲ್ಪ ಕಾಲಕ್ಕೆ ಬಂದು ನಿಂತವನು. ಪರೊಯಿಕೊಸ್ ಬೇರೆ. ಅವನು ಊರಲ್ಲೇ ವರ್ಷಗಟ್ಟಲೆ ಇರುತ್ತಾನೆ, ದುಡಿಯುತ್ತಾನೆ, ತೆರಿಗೆ ಕಟ್ಟುತ್ತಾನೆ, ಆದರೆ ಆ ಊರಿನ ಪೌರನಲ್ಲ. ‘ಪರ’ ಅಂದರೆ ಪಕ್ಕ, ‘ಒಯಿಕೊಸ್’ ಅಂದರೆ ಮನೆ. ಮನೆಯ ಪಕ್ಕದಲ್ಲಿರುವವನು, ಮನೆಯೊಳಗಿನವನಲ್ಲ. ನಿಮ್ಮ ಗುಂಪಿನ ಬಾಡಿಗೆಯವರಿಗೆ ಈ ಪದವನ್ನು ಬಿಡಿಸಿ ಹೇಳುವ ಅಗತ್ಯವೇ ಬೀಳದು.

ಪೇತ್ರನ ಪತ್ರ ಹೋಗಿದ್ದು ಪೊಂತ, ಗಲಾತ್ಯ, ಕಪ್ಪದೋಕ್ಯ, ಆಸ್ಯ, ಬಿಥೂನ್ಯ ಸೀಮೆಗಳಿಗೆ. ಇವೆಲ್ಲ ಇಂದಿನ ಟರ್ಕಿಯಲ್ಲಿವೆ. ಆ ವಿಶ್ವಾಸಿಗಳು ಕಾನೂನಿನ ಲೆಕ್ಕದಲ್ಲೇ ಪರೊಯಿಕೊಸ್ ಆಗಿದ್ದರು, ಇದು ಬರೀ ಆತ್ಮಿಕ ಉಪಮಾನವಲ್ಲ ಎಂದು ಜಾನ್ ಎಲಿಯಟ್ ಎಂಬ ವಿದ್ವಾಂಸರು 1981ರಲ್ಲಿ ವಾದಿಸಿದರು. ಎಲ್ಲರೂ ಒಪ್ಪಿಲ್ಲ, ಏಕೆಂದರೆ ಈ ಪದಜೋಡಿ ಹಳೆಯ ಒಡಂಬಡಿಕೆಯ ಗ್ರೀಕ್ ಭಾಷಾಂತರದಿಂದ, ಅಬ್ರಹಾಮನ ಬಾಯಿಂದ ಬಂದದ್ದು (ಆದಿಕಾಂಡ 23:4). ನನಗೆ ಕಾಣುವುದು ಇಷ್ಟು: ಕೇಳುಗರಲ್ಲಿ ಕೆಲವರಾದರೂ ನಿಜವಾಗಿ ಹೊರಗಿನವರೇ ಆಗಿದ್ದರು. ಅದೇ ಅಧ್ಯಾಯದ 5ನೇ ವಾಕ್ಯದಲ್ಲಿ ಪೇತ್ರನು ಅವರಿಗೆ ನೀವು ಜೀವವುಳ್ಳ ಕಲ್ಲುಗಳು, ನಿಮ್ಮಿಂದ ಒಂದು ‘ಒಯಿಕೊಸ್’ ಕಟ್ಟಲಾಗುತ್ತಿದೆ ಅನ್ನುತ್ತಾನೆ. ಮನೆಯ ಪಕ್ಕದಲ್ಲಿ ನಿಂತವರೇ ಮನೆ ಆಗುತ್ತಾರೆ. ಕನ್ನಡದಲ್ಲಿ ಓದುವಾಗ ಈ ಕೊಂಡಿ ಕಣ್ಣಿಗೆ ಬೀಳುವುದಿಲ್ಲ. ಬೋರ್ಡಿನ ಮೇಲೆ ಬರೆದು ತೋರಿಸಿ.

ಇನ್ನು ಬಿಡಾರ. ಯೋಹಾನ 14:2ರ ಮೂಲಪದ ‘ಮೊನೇ’. ಹೊಸ ಒಡಂಬಡಿಕೆ ಇಡೀ ಹುಡುಕಿದರೂ ಇದು ಬರುವುದು ಎರಡೇ ಸಲ, ಎರಡೂ ಇದೇ ಅಧ್ಯಾಯದಲ್ಲಿ. 2ನೇ ವಾಕ್ಯದಲ್ಲಿ ತಂದೆಯ ಮನೆಯಲ್ಲಿ ನಮಗೆ ಮೊನೇ. 23ನೇ ವಾಕ್ಯದಲ್ಲಿ ತಂದೆಯೂ ಮಗನೂ ವಿಶ್ವಾಸಿಯ ಬಳಿಗೆ ಬಂದು ಅವನಲ್ಲಿ ಮೊನೇ ಮಾಡಿಕೊಳ್ಳುತ್ತಾರೆ. ಎರಡನ್ನೂ ಒಟ್ಟಿಗೆ ಓದದೆ 2ನೇ ವಾಕ್ಯವನ್ನು ಮುಗಿಸಬೇಡಿ.

ಈ ಪದ ಹುಟ್ಟಿದ್ದು ‘ಮೆನೋ’ ಎಂಬ ಕ್ರಿಯಾಪದದಿಂದ: ನೆಲೆಸು, ಉಳಿ. ಯೋಹಾನನ ಸುವಾರ್ತೆಯಲ್ಲಿ ಆ ಕ್ರಿಯಾಪದ ಸುಮಾರು 40 ಸಲ ಬರುತ್ತದೆ. 15ನೇ ಅಧ್ಯಾಯದ ‘ನನ್ನಲ್ಲಿ ನೆಲೆಗೊಂಡಿರಿ’ ಎಂಬುದೂ ಅದೇ. ಹಾಗಾಗಿ ಇಲ್ಲಿ ಬಿಡಾರ ಅಂದರೆ ‘ನೆಲೆ’ ಎಂದು ಹೇಳಿದರೆ ಸರಿ. ಆದರೂ ಹಳೇ ಭಾಷಾಂತರಕಾರರನ್ನು ತಪ್ಪು ಅನ್ನಲಾಗದು. ಲ್ಯಾಟಿನ್ ಬೈಬಲು ಇಲ್ಲಿ ‘ಮಾನ್ಸಿಯೋ’ ಎಂದಿತು, ರೋಮನ್ ಹೆದ್ದಾರಿಯಲ್ಲಿ ಪಯಣಿಗರು ರಾತ್ರಿ ತಂಗುವ ಕಟ್ಟೆಗೂ ಅದೇ ಹೆಸರು. ಇಂಗ್ಲಿಷಿನ 1611ರ ಭಾಷಾಂತರದ ‘ಮ್ಯಾನ್ಶನ್’ ಬಂದದ್ದೂ ಅಲ್ಲಿಂದ. ಆಗ ಅದಕ್ಕೆ ವಾಸದ ಜಾಗ ಎಂಬ ಅರ್ಥವಿತ್ತು, ಈಗ ಬಂಗಲೆ ಎಂದಾಗಿದೆ. ಪರಲೋಕದಲ್ಲಿ ಒಬ್ಬೊಬ್ಬರಿಗೆ ಒಂದೊಂದು ಬಂಗಲೆ ಎಂಬ ಪ್ರಸಂಗಗಳ ಬೇರು ಇಲ್ಲಿದೆ. ವಾಕ್ಯದಲ್ಲಿ ಇರುವುದು ಒಂದೇ ಮನೆ, ಅದರೊಳಗೆ ಬಹಳ ನೆಲೆಗಳು.

ಪೌಲನು ಫಿಲಿಪ್ಪಿ ಪಟ್ಟಣದ ಸಭೆಗೆ ಬರೆದ ಪತ್ರದ 3:20 ಮರೆಯಬೇಡಿ: ‘ನಾವಾದರೋ ಪರಲೋಕಸಂಸ್ಥಾನದವರು.’ ಮೈಸೂರು ಸಂಸ್ಥಾನ ಎಂದು ಕೇಳಿ ಬೆಳೆದ ಹಿರಿಯರಿಗೆ ಈ ಪದ ತಟ್ಟನೆ ಹಿಡಿಸುತ್ತದೆ. ಫಿಲಿಪ್ಪಿ ರೋಮಿನ ವಸಾಹತು. ಕ್ರಿ.ಪೂ. 42ರಲ್ಲಿ ಅಲ್ಲಿ ನಡೆದ ಯುದ್ಧದ ನಂತರ ನಿವೃತ್ತ ಸೈನಿಕರಿಗೆ ಅಲ್ಲೇ ಜಮೀನು ಕೊಟ್ಟು ಕೂರಿಸಲಾಯಿತು. ಅವರ ಪೌರತ್ವ ರೋಮಿನದು. ಆದರೆ ಅವರನ್ನು ಅಲ್ಲಿ ಇಟ್ಟದ್ದು ಒಂದು ದಿನ ಗಂಟುಮೂಟೆ ಕಟ್ಟಿ ರೋಮಿಗೆ ಮರಳಲಿ ಎಂದಲ್ಲ, ಫಿಲಿಪ್ಪಿಯಲ್ಲೇ ರೋಮಿನ ರೀತಿನೀತಿ ನಡೆಯಲಿ ಎಂದು. ಪೌಲನ ವಾಕ್ಯವನ್ನು ಅರ್ಧಕ್ಕೆ ನಿಲ್ಲಿಸದೆ ಪೂರ್ತಿ ಓದಿ. ‘ಅಲ್ಲಿಗೆ ಹೋಗುತ್ತೇವೆ’ ಎಂದು ಅವನು ಬರೆದಿಲ್ಲ. ರಕ್ಷಕನು ‘ಅಲ್ಲಿಂದ ಬರುವುದನ್ನು’ ಎದುರುನೋಡುತ್ತೇವೆ ಎಂದಿದ್ದಾನೆ.

ಪ್ರಕಟನೆ 21ರಲ್ಲೂ ದಿಕ್ಕು ಅದೇ. ಹೊಸ ಯೆರೂಸಲೇಮ್ ಪಟ್ಟಣ ಪರಲೋಕದಿಂದ ಇಳಿದು ಬರುತ್ತದೆ. ದೇವರ ‘ಸ್ಕೇನೇ’, ಅಂದರೆ ಗುಡಾರ, ಮನುಷ್ಯರ ನಡುವೆ ನಿಲ್ಲುತ್ತದೆ. ಯೋಹಾನ 1:14ರ ‘ನಮ್ಮ ಮಧ್ಯದಲ್ಲಿ ವಾಸಮಾಡಿದನು’ ಎಂಬಲ್ಲಿಯೂ ಮೂಲದಲ್ಲಿರುವುದು ಇದೇ ಪದದ ಕ್ರಿಯಾರೂಪ: ಗುಡಾರ ಹೂಡಿದನು. ನಿಮ್ಮ ಬಿಡಾರ ಹೂಡುವ ಮಾತು ಅಲ್ಲಿ ಬಹಳ ಚೆನ್ನಾಗಿ ಕೂರುತ್ತದೆ, 14:2ಕ್ಕಿಂತಲೂ.

ಇನ್ನೊಂದು ವಿವರ. ಆ ಪಟ್ಟಣದ ಉದ್ದ, ಅಗಲ, ಎತ್ತರ ಮೂರೂ ಸಮ, 12,000 ಸ್ತಾದಿ (ಪ್ರಕಟನೆ 21:16), ಲೆಕ್ಕ ಹಾಕಿದರೆ ಸುಮಾರು 2,200 ಕಿ.ಮೀ. ಪಟ್ಟಣಕ್ಕೆ ಇದು ವಿಚಿತ್ರ ಅಳತೆ. ಆದರೆ 1 ಅರಸುಗಳು 6:20 ತೆಗೆಯಿರಿ. ಸೊಲೊಮೋನನ ದೇವಾಲಯದ ಮಹಾಪರಿಶುದ್ಧ ಸ್ಥಳವೂ ಮೂರೂ ಕಡೆ 20 ಮೊಳ, ಸಮಘನ. ವರ್ಷಕ್ಕೊಮ್ಮೆ ಒಬ್ಬನೇ ಒಬ್ಬ ಮಹಾಯಾಜಕ ಒಳಗೆ ಹೋಗುತ್ತಿದ್ದ ಆ ಕೋಣೆ ಈಗ ಇಡೀ ಊರಾಗಿದೆ. ಅದರ ಬಾಗಿಲುಗಳನ್ನು ಮುಚ್ಚುವುದೇ ಇಲ್ಲ (21:25).

ಮಕ್ಪೇಲ

ಮೇಲಿನವರು ಅಬ್ರಹಾಮನ ಹೆಸರೆತ್ತಿದ್ದರಿಂದ ಅಲ್ಲಿಂದ ಮುಂದುವರಿಸುತ್ತೇನೆ. ಸ್ಟಡಿ ಶುರುಮಾಡಲು ಆದಿಕಾಂಡ 23ಕ್ಕಿಂತ ಒಳ್ಳೆಯ ಅಧ್ಯಾಯ ನನಗೆ ತೋಚುವುದಿಲ್ಲ.

ಸಾರಳು ಸತ್ತಿದ್ದಾಳೆ. ಹೆಣ ಮುಂದಿದೆ. ದೇವರು ವಾಗ್ದಾನ ಮಾಡಿದ ದೇಶದಲ್ಲೇ ಅಬ್ರಹಾಮ ನಿಂತಿದ್ದಾನೆ, ಆದರೆ ಹೆಂಡತಿಯನ್ನು ಹೂಳಲು ಅವನಿಗೆ ಅಂಗೈಯಗಲ ನೆಲವಿಲ್ಲ. ಹಿತ್ತಿಯರ ಮುಂದೆ ಎದ್ದುನಿಂತು ‘ನಾನು ನಿಮ್ಮಲ್ಲಿ ಗೇರ್ ಮತ್ತು ತೋಷಾವ್’ ಅನ್ನುತ್ತಾನೆ. ಹೀಬ್ರೂವಿನಲ್ಲಿ ಗೇರ್ ಅಂದರೆ ಹೊರಗಿನಿಂದ ಬಂದು ಆಶ್ರಯ ಪಡೆದವನು, ತೋಷಾವ್ ಅಂದರೆ ಇಳಿದುಕೊಂಡವನು. ಹೊಲದ ಒಡೆಯ ಎಫ್ರೋನ ಬಿಟ್ಟಿಯಾಗಿ ಕೊಡುತ್ತೇನೆ ಅನ್ನುತ್ತಾನೆ, ಮಾತಿನ ನಡುವೆ ಬೆಲೆಯನ್ನೂ ಹೇಳಿಬಿಡುತ್ತಾನೆ. ಅಬ್ರಹಾಮ ಚೌಕಾಸಿ ಮಾಡದೆ 400 ಶೆಕೆಲ್ ಬೆಳ್ಳಿ ತೂಗಿ ಕೊಡುತ್ತಾನೆ. ಆಮೇಲೆ 17ನೇ ವಾಕ್ಯ ಕ್ರಯಪತ್ರದ ಹಾಗೇ ಇದೆ: ಹೊಲ, ಅದರಲ್ಲಿನ ಗವಿ, ಎಲ್ಲೆಯೊಳಗಿನ ಮರಗಳು, ಸಾಕ್ಷಿಗಳು. ವಾಗ್ದತ್ತ ದೇಶದಲ್ಲಿ ಅವನು ಖರೀದಿಸಿದನೆಂದು ಆದಿಕಾಂಡ ಹೇಳುವ ಭೂಮಿ ಅದೊಂದೇ, ಸಮಾಧಿಗೆ.

ಈಗ ಯಾಜಕಕಾಂಡ 25:23 ನೋಡಿ. ಇಸ್ರಾಯೇಲರು ದೇಶದೊಳಗೆ ಹೋಗಿ ಹೊಲಗದ್ದೆ ಮಾಡಿಕೊಂಡ ಮೇಲೂ ದೇವರು ಅನ್ನುವುದು ಅದೇ ಎರಡು ಪದ: ಭೂಮಿ ನನ್ನದು, ನೀವು ನನ್ನ ಬಳಿ ಗೇರ್ ಮತ್ತು ತೋಷಾವ್. ನಮ್ಮ ಕಡೆಯ ಮಾತಿನಲ್ಲಿ ಹೇಳುವುದಾದರೆ ಒಕ್ಕಲುಗಳು. ಪಟ್ಟಾ ದೇವರ ಹೆಸರಿನಲ್ಲಿದೆ. ಅದಕ್ಕೇ ಶಾಶ್ವತ ಕ್ರಯಕ್ಕೆ ನಿಷೇಧ, 50ನೇ ವರ್ಷ ಭೂಮಿ ಮೂಲ ಕುಟುಂಬಕ್ಕೆ ವಾಪಸು. ಇಲ್ಲಿ ‘ಹೊರಗಿನವನು’ ಎನ್ನುವುದು ಭೂಮಿಯನ್ನು ಹಗುರ ಮಾಡುವ ಮಾತಲ್ಲ. ಮಾಲೀಕ ಬೇರೆ ಇದ್ದಾನೆ, ಆದ್ದರಿಂದ ನೀನು ಇನ್ನೊಬ್ಬನನ್ನು ಒಕ್ಕಲೆಬ್ಬಿಸುವ ಹಾಗಿಲ್ಲ ಎಂಬ ಕಾನೂನು. ಪರದೇಶಿಯ ಜೀವ ಎಂಥದ್ದು ಎಂದು ನಿಮಗೆ ಗೊತ್ತಲ್ಲ, ಐಗುಪ್ತದಲ್ಲಿ ನೀವೂ ಹಾಗಿದ್ದಿರಿ ಎಂದು ವಿಮೋಚನಕಾಂಡ 23:9 ಹೇಳುತ್ತದೆ. ಧರ್ಮೋಪದೇಶಕಾಂಡ 24 ಇದನ್ನು ಹೊಲದ ಕೆಲಸಕ್ಕೆ ಇಳಿಸುತ್ತದೆ: ಹೊಲದಲ್ಲಿ ಮರೆತ ಸಿವುಡಿಗೆ ಹಿಂದಕ್ಕೆ ಹೋಗಬೇಡ, ಎಣ್ಣೆಮರವನ್ನು ಎರಡನೇ ಸಲ ಬಡಿಯಬೇಡ, ಉಳಿದದ್ದು ಪರದೇಶಿಗೆ, ದಿಕ್ಕಿಲ್ಲದ ಮಗುವಿಗೆ, ವಿಧವೆಗೆ. ಮೋವಾಬಿನ ರೂತಳು ಹೊಟ್ಟೆ ಹೊರೆದದ್ದು ಈ ನಿಯಮದಿಂದ.

ಇಬ್ರಿಯ 11 ಮತ್ತು ಯೆರೆಮೀಯ 29ಕ್ಕೆ ಜಗಳವಿಲ್ಲ ರೀ. ಯೆರೆಮೀಯ 29 ಓದುವ ಮೊದಲು 28 ಓದಿಸಿ. ಕ್ರಿ.ಪೂ. 597ರಲ್ಲಿ ಯೆಹೂದದಿಂದ ದೊಡ್ಡ ಗುಂಪು ಬಾಬೆಲಿಗೆ ಸೆರೆಹೋಗಿದೆ. ಹನನ್ಯ ಎಂಬ ಪ್ರವಾದಿ ದೇವಾಲಯದಲ್ಲಿ ನಿಂತು, ಎರಡೇ ವರ್ಷದಲ್ಲಿ ಎಲ್ಲರೂ ವಾಪಸು ಬರುತ್ತಾರೆ ಎಂದು ಸಾರಿದ (28:3). ಎಲ್ಲರಿಗೂ ಬೇಕಾದ ಮಾತು. ಯೆರೆಮೀಯನ ಪತ್ರ ಆ ಸುಳ್ಳು ಭರವಸೆಗೆ ಉತ್ತರ: ಎರಡಲ್ಲ, 70 ವರ್ಷ. ಅಲ್ಲಿಯವರೆಗೆ ಮನೆ ಕಟ್ಟಿ, ತೋಟ ಹಾಕಿ, ಮಕ್ಕಳಿಗೆ ಮದುವೆ ಮಾಡಿ, ಆ ಪಟ್ಟಣಕ್ಕಾಗಿ ಪ್ರಾರ್ಥಿಸಿ. 7ನೇ ವಾಕ್ಯವೊಂದರಲ್ಲೇ ‘ಶಾಲೋಮ್’, ಅಂದರೆ ಕ್ಷೇಮ, ಮೂರು ಸಲ ಬರುತ್ತದೆ: ಎರಡು ಸಲ ಶತ್ರುವಿನ ಪಟ್ಟಣದ ಕ್ಷೇಮ, ಮೂರನೆಯದು ಅದರಿಂದ ಸೆರೆಯವರಿಗೆ ಸಿಗುವ ಕ್ಷೇಮ.

ಎಡವುವ ಜಾಗ ಕೇಳಿದಿರಿ. 29:11 ಎಲ್ಲರ ಗೋಡೆ ಕ್ಯಾಲೆಂಡರಿನಲ್ಲೂ ಇದೆ: ನಿಮಗೆ ನಿರೀಕ್ಷೆಯನ್ನೂ ಮುಂದಿನ ಗತಿಯನ್ನೂ ಕೊಡುವ ಆಲೋಚನೆಗಳು. ಅದನ್ನು ‘ಬೇಗ ಸ್ವಂತ ಮನೆ ಆಗುತ್ತದೆ’ ಎಂಬ ವಾಗ್ದಾನವಾಗಿ ಹಂಚಬೇಡಿ. ಹಿಂದಿನ ವಾಕ್ಯದ 70 ವರ್ಷವನ್ನು ಲೆಕ್ಕ ಹಾಕಿ. ಪತ್ರ ಓದಿಸಿಕೊಂಡವರಲ್ಲಿ ಹೆಚ್ಚಿನವರು ಬಾಬೆಲಿನಲ್ಲೇ ಮಣ್ಣಾಗುವವರು.

ಅವರು ಪತ್ರದ ಮಾತನ್ನು ಬದುಕಿದ್ದಕ್ಕೆ ಗುರುತೂ ಸಿಕ್ಕಿದೆ. ಇರಾಕಿನ ಕಡೆಯ ಜೇಡಿಮಣ್ಣಿನ ಫಲಕಗಳಲ್ಲಿ ‘ಆಲ್ ಯಾಹೂದು’, ಯೆಹೂದದ ಊರು, ಎಂಬ ಹಳ್ಳಿಯ ವ್ಯವಹಾರ ದಾಖಲಾಗಿದೆ. ಅತಿ ಹಳೆಯ ಫಲಕ ಕ್ರಿ.ಪೂ. 572ರದು. ಯೆಹೋವನ ಹೆಸರು ಸೇರಿದ ಹೆಸರುಗಳುಳ್ಳ ಜನ ಅಲ್ಲಿ ಬಾರ್ಲಿ, ಖರ್ಜೂರದ ಗುತ್ತಿಗೆ ಹಿಡಿದು, ಸಾಲ ತೆಗೆದು, ತೆರಿಗೆ ಕಟ್ಟಿದ್ದಾರೆ.

ಎಪ್ಪತ್ತರ ಬೋಧಕ

ಮೇಲಿನ ಇಬ್ಬರೂ ಬಹಳ ಚೆನ್ನಾಗಿ ಬರೆದಿದ್ದೀರಿ. ಒಂದು ಎಚ್ಚರಿಕೆ ಹೇಳಬೇಕೆನಿಸಿತು. ತಕ್ಕಡಿಯನ್ನು ಈ ಲೋಕದ ಕಡೆ ಅಷ್ಟು ಬಗ್ಗಿಸಿದರೆ ಸಾಯುವ ಹೊತ್ತಿನಲ್ಲಿರುವವರ ಕೈಯಿಂದ ಕೋಲು ಕಿತ್ತುಕೊಂಡ ಹಾಗಾಗುತ್ತದೆ. ಇಬ್ರಿಯ 11:16 ಸ್ಪಷ್ಟವಾಗಿ ‘ಪರಲೋಕದ’ ದೇಶ ಅನ್ನುತ್ತದೆ. 13:14ರಲ್ಲಿ, ಶಾಶ್ವತವಾದ ಪಟ್ಟಣವು ನಮಗೆ ಇಲ್ಲಿಲ್ಲ ಎಂದಿದೆ. 2 ಕೊರಿಂಥ 5:8ರಲ್ಲಿ ದೇಹವನ್ನು ಬಿಟ್ಟು ಕರ್ತನ ಬಳಿಯಲ್ಲಿರುವುದೇ ಪೌಲನಿಗೆ ಇಷ್ಟ. ಅಲ್ಲಿನ ಗ್ರೀಕ್ ಕ್ರಿಯಾಪದಕ್ಕೆ ತನ್ನ ಊರಿನಲ್ಲಿ, ತನ್ನವರ ನಡುವೆ ಇರುವುದು ಎಂಬರ್ಥ ಎಂದು ಓದಿದ್ದೇನೆ. ನಿಮ್ಮ ಗುಂಪಿನಲ್ಲಿ ಅರ್ಧ ಮಂದಿ 70 ದಾಟಿದವರು. ಅವರು ‘ಮನೆಗೆ ಹೋಗುತ್ತೇನೆ’ ಅಂದಾಗ ದಯವಿಟ್ಟು ತಿದ್ದಬೇಡಿ.

ಕೊಯಿನೇ ಓದುಗ

ಬೋಧಕರ ಮಾತು ಸರಿ. ನಾನು ಹೇಳದೆ ಬಿಟ್ಟದ್ದನ್ನು ಹೇಳಿದ್ದೀರಿ, ವಂದನೆಗಳು. 5:8ರ ಅರ್ಥವೂ ನೀವಂದಂತೆಯೇ. ಜೊತೆಗೆ ಅದೇ ಅಧ್ಯಾಯದ 4ನೇ ವಾಕ್ಯವನ್ನೂ ಓದಿದರೆ ಎರಡು ಕಡೆಯೂ ಸೇರುತ್ತದೆ. ಗುಡಾರ ಹೊಲಿಯುವ ಕಸುಬಿನ ಪೌಲ ದೇಹವನ್ನೇ ಗುಡಾರ ಅನ್ನುತ್ತಾನೆ, ಆದರೆ ಅದನ್ನು ಕಳಚಿಹಾಕಬೇಕೆಂದಲ್ಲ, ಅದರ ಮೇಲೆ ಇನ್ನೊಂದನ್ನು ಹೊದ್ದುಕೊಳ್ಳಬೇಕೆಂದು ನರಳುತ್ತಾನೆ. ಸತ್ತವರು ಕರ್ತನ ಬಳಿ ಇದ್ದಾರೆ, ಇದು ಸತ್ಯ. ಪುನರುತ್ಥಾನ ಇನ್ನೂ ಬಾಕಿ ಇದೆ, ಇದೂ ಸತ್ಯ. ಮಣ್ಣು ಮಾಡುವಾಗಿನ ಪ್ರಸಂಗದಲ್ಲಿ ಮೊದಲನೆಯದರಲ್ಲೇ ನಿಂತುಬಿಡುತ್ತೇವೆ, ತಪ್ಪಾಗುವುದು ಅಲ್ಲಿ.

ಇಬ್ರಿಯ 11:15ನ್ನು ಮಾತ್ರ ಬಿಡಬೇಡಿ. ಪಿತೃಗಳು ಬಿಟ್ಟುಬಂದ ಊರನ್ನೇ ನೆನೆಯುತ್ತಿದ್ದರೆ ಹಿಂದಿರುಗಲು ಅವರಿಗೆ ಅವಕಾಶವಿತ್ತು ಎಂದಿದೆ. ಊರು ಬಿಟ್ಟು ಬಂದವರಿಗೆ ಈ ವಾಕ್ಯ ನೇರವಾಗಿ ನಾಟುತ್ತದೆ. ನಮ್ಮೂರು, ನಮ್ಮ ಹಟ್ಟಿ, ಆ ಕಾಲ ಎಂಬ ಹಂಬಲ ತಪ್ಪಲ್ಲ. ಆದರೆ ಇಬ್ರಿಯ ಪತ್ರ ಹೇಳುವ ಸ್ವದೇಶ ಬೆನ್ನ ಹಿಂದಿಲ್ಲ, ಮುಂದಿದೆ.

ನೇತ್ರಾವತಿ ದಂಡೆ

ಸಭಾಚರಿತ್ರೆಯ ಕಡೆಯಿಂದ ಮೂರು ವಿಷಯ ಸೇರಿಸುತ್ತೇನೆ.

ಒಂದು, ‘ಪ್ಯಾರಿಷ್’ ಎಂಬ ಪದ. ಕಥೋಲಿಕರು ಕನ್ನಡದಲ್ಲಿ ಧರ್ಮಕೇಂದ್ರ ಅನ್ನುತ್ತಾರೆ. ಆ ಪದದ ಮೂಲ ಮೇಲೆ ಹೇಳಿದ ಪರೊಯಿಕೊಸ್‌ನಿಂದ ಬಂದ ‘ಪರೊಯಿಕಿಯ’, ಹೊರಗಿನವರಾಗಿ ವಾಸಿಸುವಿಕೆ. ಮೊದಲ ಶತಮಾನದ ಕೊನೆಯಲ್ಲಿ ರೋಮ್ ಸಭೆ ಕೊರಿಂಥ ಸಭೆಗೆ ಬರೆದ ಪತ್ರ ‘ರೋಮಿನಲ್ಲಿ ಪರದೇಶವಾಸ ಮಾಡುತ್ತಿರುವ ದೇವರ ಸಭೆಯಿಂದ, ಕೊರಿಂಥದಲ್ಲಿ ಪರದೇಶವಾಸ ಮಾಡುತ್ತಿರುವ ದೇವರ ಸಭೆಗೆ’ ಎಂದು ಶುರುವಾಗುತ್ತದೆ. ಈಗ ಗಡಿ, ನಕ್ಷೆ, ಮನೆಪಟ್ಟಿ ಇರುವ ಪ್ಯಾರಿಷ್ ಆಗ ಊರಿಗೆ ಸೇರದವರ ಗುಂಪಿನ ಹೆಸರಾಗಿತ್ತು.

ಎರಡು, ಅಗಸ್ತೀನ. 410ರಲ್ಲಿ ರೋಮ್ ಸೂರೆಯಾಗಿ ನಿರಾಶ್ರಿತರು ಉತ್ತರ ಆಫ್ರಿಕಕ್ಕೆ ಬಂದಿಳಿದಾಗ ಅವನು ಅಲ್ಲಿ ಬಿಷಪ್. ದೇವರ ಪಟ್ಟಣದ ಕುರಿತು 22 ಭಾಗಗಳ ಗ್ರಂಥ ಬರೆದು ಮುಗಿಸಿದ್ದು 426ರ ಹೊತ್ತಿಗೆ. ಇಬ್ರಿಯ 11, ಯೆರೆಮೀಯ 29 ಎರಡನ್ನೂ ಒಟ್ಟಿಗೆ ಹೇಗೆ ಇಡುವುದು ಎಂಬ ನಿಮ್ಮ ಪ್ರಶ್ನೆಗೇ 19ನೇ ಭಾಗದ 17ನೇ ಅಧ್ಯಾಯದಲ್ಲಿ ಉತ್ತರವಿದೆ. ಪರಲೋಕದ ಪಟ್ಟಣ ಭೂಮಿಯಲ್ಲಿ ಪರದೇಶಿಯಾಗಿರುವಾಗ ಎಲ್ಲ ಜನಾಂಗ, ಎಲ್ಲ ಭಾಷೆಗಳಿಂದ ತನ್ನವರನ್ನು ಕರೆಯುತ್ತದೆ. ದೇವರ ಆರಾಧನೆಗೆ ಅಡ್ಡಿಯಾಗದ ತನಕ ಅವರ ನಡೆನುಡಿ, ಕಟ್ಟಳೆಗಳನ್ನು ಅಳಿಸುವುದಿಲ್ಲ, ಭೂಮಿಯ ಶಾಂತಿಯನ್ನು ತಾನೂ ಬಳಸಿಕೊಳ್ಳುತ್ತದೆ, ಕಾಪಾಡುತ್ತದೆ. ಬಾಡಿಗೆಗೆ ಇರುವ ಮನೆಗೂ ಸುಣ್ಣ ಬಳಿಯುವ ಹಾಗೆ.

ಮೂರು, ನಮ್ಮದೇ ಕರಾವಳಿ. ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆ 1834ರಲ್ಲಿ ಮಂಗಳೂರಿಗೆ ಬಂತು. ಕ್ರೈಸ್ತರಾದವರಲ್ಲಿ ಬಿಲ್ಲವರು ಹೆಚ್ಚು. ಜಾತಿ ಬಿಟ್ಟವನಿಗೂ ಆಸ್ತಿಯ ಹಕ್ಕು ಉಳಿಯುತ್ತದೆ ಎಂದು 1850ರ ಕಾಯ್ದೆ ಹೇಳಿತು. ಆದರೆ ಕಾಯ್ದೆಯಿಂದ ಕುಟುಂಬದ ಒಲೆಯ ಮುಂದೆ ಜಾಗ ಸಿಗುವುದಿಲ್ಲ. ಮನೆ, ಬೇಸಾಯ, ನೆಂಟಸ್ತಿಕೆ ಒಟ್ಟಿಗೆ ಹೋಗುತ್ತಿದ್ದವು. ಮಿಷನ್ನು ನೆಲ ಕೊಂಡು ಮನೆ ಕಟ್ಟಿಸಿತು, ನೇಯ್ಗೆ ಶುರುಮಾಡಿತು, 1865ರಲ್ಲಿ ಹೆಂಚಿನ ಕಾರ್ಖಾನೆ ಹಾಕಿತು. ಮಾರ್ಕ 10:30ರಲ್ಲಿ ಮನೆ ಬಿಟ್ಟವನಿಗೆ ‘ಈಗಿನ ಕಾಲದಲ್ಲಿಯೇ’ ನೂರರಷ್ಟು ಮನೆಗಳು ಎಂದಿರುವುದು ಅಲ್ಲಿ ಗೋಡೆಯಾಗಿ, ಹೆಂಚಾಗಿ ಕಾಣಿಸಿತು. ಅದರ ತೊಡಕೂ ಅಲ್ಲೇ ಇತ್ತು. ಸಭೆ, ಕೆಲಸ, ಮನೆ ಮೂರೂ ಒಂದೇ ಕೈಯಲ್ಲಿದ್ದರೆ ಸಭೆಯ ಜೊತೆ ಮನಸ್ತಾಪವಾದವನಿಗೆ ಮೂರೂ ಅಲುಗುತ್ತವೆ. 1914ರ ಯುದ್ಧ ಬಂದು ಜರ್ಮನ್ ಮಿಷನರಿಗಳು ಹೋಗಬೇಕಾಗಿ, ಕಾರ್ಖಾನೆಗಳು ಬೇರೆಯವರ ಕೈಸೇರಿದಾಗ ಈ ತೊಡಕು ಎಲ್ಲರಿಗೂ ಕಂಡಿತು.

ಮಾರ್ಕ 10ನ್ನು ಓದಿಸುವಾಗ 29 ಮತ್ತು 30ನ್ನು ಅಕ್ಕಪಕ್ಕ ಬರೆದು ಪಟ್ಟಿಗಳನ್ನು ಹೋಲಿಸಲು ಹೇಳಿ. ಬಿಟ್ಟವರ ಪಟ್ಟಿಯಲ್ಲಿ ತಂದೆ ಇದ್ದಾನೆ. ಸಿಗುವವರ ಪಟ್ಟಿಯಲ್ಲಿ ಮನೆ, ಅಣ್ಣತಮ್ಮಂದಿರು, ಅಕ್ಕತಂಗಿಯರು, ತಾಯಂದಿರು, ಮಕ್ಕಳು, ಭೂಮಿ ಎಲ್ಲವೂ ಇವೆ, ತಂದೆ ಇಲ್ಲ. ಬದಲಿಗೆ ‘ಹಿಂಸೆಗಳ ಸಹಿತ’ ಎಂಬ ಮಾತು ಸೇರಿದೆ. ಹೊಸ ಮನೆಯಲ್ಲಿ ಯಜಮಾನನ ಕುರ್ಚಿಗೆ ಮನುಷ್ಯರು ಯಾರೂ ಏರುವ ಹಾಗಿಲ್ಲ, ತಂದೆ ಒಬ್ಬನೇ, ಪರಲೋಕದಲ್ಲಿರುವಾತ ಎಂಬ ಮತ್ತಾಯ 23:9ನ್ನು ಇದರ ಪಕ್ಕದಲ್ಲಿಡಿ. ಅಯ್ಯನವರಾಗಲಿ, ಫಾದರ್ ಆಗಲಿ, ಸಭಾಹಿರಿಯರಾಗಲಿ, ಎಲ್ಲರೂ ಎರಡನೇ ಪಟ್ಟಿಯ ಅಣ್ಣತಮ್ಮಂದಿರೇ.

ಬುಧವಾರದ ಗುಂಪು

ಎಲ್ಲರಿಗೂ ತುಂಬಾ ವಂದನೆಗಳು. ಇಷ್ಟು ಸಿಗುತ್ತದೆಂದು ನೆನೆಸಿರಲಿಲ್ಲ. ಇದನ್ನೆಲ್ಲ 75 ನಿಮಿಷಕ್ಕೆ ಹೇಗೆ ಹೊಂದಿಸುವುದು? ಕೊನೆಯ ವಾರ ‘ಸಭೆಯೇ ಮನೆ’ ಎಂದು ಇಟ್ಟುಕೊಂಡಿದ್ದೇನೆ. ಎಫೆಸ 2:19 ಮುಖ್ಯವಾಕ್ಯ.

ಪಾಠದ ಚೀಲ

ಒಂದು ವಾರಕ್ಕೆ ಎರಡೇ ಭಾಗ, ಮೂರನೆಯದು ಬೇಡ. ಮೊದಲ ವಾರ ಆದಿಕಾಂಡ 23 ಮತ್ತು ಇಬ್ರಿಯ 11:8-16. ಎರಡನೇ ವಾರ ಯೆರೆಮೀಯ 28:1-11 ಮತ್ತು 29:1-14. ಮೂರನೇ ವಾರ ಯೋಹಾನ 14:1-3, 23 ಮತ್ತು ಪ್ರಕಟನೆ 21:1-5, 22-25. ನಾಲ್ಕನೇ ವಾರ ಮಾರ್ಕ 10:28-31 ಮತ್ತು ಎಫೆಸ 2:11-22. ಫಿಲಿಪ್ಪಿಯನ್ನು ಮೂರನೇ ವಾರದ ಮಾತಿನಲ್ಲಿ ತಂದರೆ ಸಾಕು.

ಗಟ್ಟಿಯಾಗಿ ಓದುವುದಕ್ಕೆ 15 ನಿಮಿಷ ಕೊಡಿ, ಇಬ್ಬರು ಬೇರೆಬೇರೆಯವರಿಂದ ಎರಡು ಸಲ. ಪದಗಳ ವಿವರಣೆ 15 ನಿಮಿಷ ಮೀರಬಾರದು, ಮೀರಿದರೆ ಅದು ಕ್ಲಾಸ್ ಆಗುತ್ತದೆ, ಜನ ಮಾತು ಬಿಡುತ್ತಾರೆ. ಐದೈದು ಜನರ ಗುಂಪುಗಳಲ್ಲಿ 25 ನಿಮಿಷ, ಪ್ರತಿ ಗುಂಪಿನಲ್ಲಿ ಹಿರಿಯರೂ ಬಾಡಿಗೆ ಮನೆಯವರೂ ಬೆರೆತಿರಲಿ. ಬಿಟ್ಟರೆ ಅವರವರೇ ಕೂರುತ್ತಾರೆ, ಹೆಸರು ಕೂಗಿ ಕೂರಿಸಿ. ಉಳಿದ 20 ನಿಮಿಷ ಒಟ್ಟು ಮಾತಿಗೆ, ಪ್ರಾರ್ಥನೆಗೆ.

ಆರಂಭಕ್ಕೆ ‘ನಿಮ್ಮ ಬಾಲ್ಯದ ಮನೆ ವರ್ಣಿಸಿ’ ಎಂಬ ಪ್ರಶ್ನೆ ಹಾಕಬೇಡಿ. ಎಲ್ಲರೂ ಹಾಕುವ ಪ್ರಶ್ನೆ, ಕೆಡುವುದೂ ಅಲ್ಲೇ. ಏಟು ತಿಂದು ಬೆಳೆದವರು, ಹಾಸ್ಟೆಲಿನಲ್ಲಿ ಬೆಳೆದವರು, ಮನೆ ಹರಾಜಾದವರು ಮೊದಲ ಐದು ನಿಮಿಷದಲ್ಲೇ ಮೌನವಾಗುತ್ತಾರೆ, ನಾಲ್ಕು ವಾರವೂ ಬಾಯಿ ತೆರೆಯುವುದಿಲ್ಲ. ಅದರ ಬದಲು ‘ಈಗ ಇರುವ ಬೀದಿಯಲ್ಲಿ ನಿಮ್ಮನ್ನು ಹೆಸರು ಹಿಡಿದು ಕರೆಯುವವರು ಎಷ್ಟು ಮಂದಿ?’ ಎಂದು ಕೇಳಿ. ಉತ್ತರ ಒಂದು ಸಂಖ್ಯೆ. ಯಾರೂ ಗಾಯ ತೋರಿಸಬೇಕಿಲ್ಲ, ಎರಡನೇ ವಾರದ ‘ಪಟ್ಟಣದ ಶಾಲೋಮ್’ಗೆ ದಾರಿಯೂ ಆಗುತ್ತದೆ.

‘ಮನೆ’ ಎಂದ ಕೂಡಲೇ ಮನೆಯೊಳಗಿನ ಹೊಡೆತ ಬಡಿತದ ಮಾತು ಹೊರಬರಬಹುದು, ಹೆಚ್ಚಾಗಿ ಸ್ಟಡಿ ಮುಗಿದು ಚಪ್ಪಲಿ ಹಾಕಿಕೊಳ್ಳುವಾಗ. ಆಗ ‘ಇಲ್ಲಿಯ ಮನೆ ಹೇಗಿದ್ದರೇನು, ಪರಲೋಕದಲ್ಲಿ ಮನೆಯಿದೆ’ ಎಂದು ಯಾರೂ ಹೇಳಕೂಡದು. ಮೊದಲೇ ಒಬ್ಬ ಹಿರಿಯ ಹೆಂಗಸನ್ನು ಇದಕ್ಕೆಂದು ಗೊತ್ತುಮಾಡಿ, 181 ಮಹಿಳಾ ಸಹಾಯವಾಣಿಯ ನಂಬರ್ ಅವರ ಕೈಯಲ್ಲಿರಲಿ.

ನಾಲ್ಕನೇ ವಾರದ ವಾಕ್ಯ ಕನ್ನಡದಲ್ಲಿ ಎಷ್ಟು ಚೆನ್ನಾಗಿದೆ: ‘ಒಂದೇ ಸಂಸ್ಥಾನದವರೂ ದೇವರ ಮನೆಯವರೂ ಆಗಿದ್ದೀರಿ.’ ‘ನೀವು ಯಾರ ಮನೆಯವರು?’ ಎಂದು ನಾವು ಹೊಸಬರನ್ನು ಕೇಳುವುದು ಜಾತಿ, ಕುಲ, ನೆಂಟಸ್ತಿಕೆ ಹಿಡಿಯಲು. ಅದಕ್ಕೆ ಎಫೆಸದ ಉತ್ತರ ಸಿದ್ಧವಾಗಿದೆ. ಆದರೆ ಈ ವಾಕ್ಯವನ್ನು ಬರೀ ಹೇಳಿ ಕಳಿಸಿದರೆ ನೋವಾಗುತ್ತದೆ. ಸಭೆಯೇ ಮನೆ ಎಂದು ಕೇಳಿಸಿಕೊಂಡು, ಆರಾಧನೆ ಮುಗಿದ ಮೇಲೆ ಗೇಟಿನ ಬಳಿ ಒಬ್ಬಂಟಿಯಾಗಿ ಆಟೋ ಕಾಯುವವರು ನಿಮ್ಮ ಗುಂಪಿನಲ್ಲಿ ಇರುತ್ತಾರೆ. ಆ ವಾರಕ್ಕೆ ಮುಂಚೆ ಸೆಕ್ರೆಟರಿಯ ಹತ್ತಿರ ಕೂತು ರಿಜಿಸ್ಟರ್ ನೋಡಿ. ಹಿಂದಿನ ಸಭೆಯಿಂದ ವರ್ಗಾವಣೆ ಪತ್ರ ಬಾರದೆ ಹೆಸರು ಸೇರದವರು ಎಷ್ಟು ಜನ? ಪತ್ರಕ್ಕೆ ಬರೆದದ್ದು ಯಾವಾಗ? ಹಲವು ಕಡೆ ಕರ್ತನ ಭೋಜನ, ಮದುವೆ, ಸಮಾಧಿಯ ಜಾಗ ಎಲ್ಲವೂ ಆ ಒಂದು ಹೆಸರಿಗೆ ತಗುಲಿಕೊಂಡಿರುತ್ತವೆ.

ಸಮಾಧಿಯ ಜಾಗವನ್ನು ಬೇಕೆಂದೇ ಹೇಳಿದೆ. ದೂರದ ಊರಿನಿಂದ ಬಂದ ಕುಟುಂಬದಲ್ಲಿ ಸಾವಾದರೆ ಆ ರಾತ್ರಿ ಎದುರಾಗುವ ಪ್ರಶ್ನೆ ಆದಿಕಾಂಡ 23ರದ್ದೇ: ಎಲ್ಲಿ ಹೂಳುವುದು? ಊರಿಗೆ ಒಯ್ಯಲು ಆಂಬುಲೆನ್ಸ್ ಹೊಂದಿಸಬೇಕೋ, ಇಲ್ಲಿಯ ಸ್ಮಶಾನದಲ್ಲಿ ಜಾಗ ಸಿಗುತ್ತದೋ, ಯಾರ ಸಹಿ ಬೇಕು, ಎಷ್ಟು ಕಟ್ಟಬೇಕು ಎಂಬುದು ಅವರಿಗೆ ಗೊತ್ತಿರುವುದಿಲ್ಲ, ಕೇಳಲು ಹೊತ್ತೂ ಅದಲ್ಲ. ಇದನ್ನು ಈಗಲೇ ಅಯ್ಯನವರಿಂದ ವಿಚಾರಿಸಿ, ಒಂದು ಹಾಳೆಯಲ್ಲಿ ಬರೆಸಿ, ಸ್ಮಶಾನ ನೋಡಿಕೊಳ್ಳುವವರ ಫೋನ್ ನಂಬರ್ ಸಮೇತ 25 ಪ್ರತಿ ತೆಗೆಸಿಡಿ. ನಾಲ್ಕನೇ ಬುಧವಾರ ಕೊಡಿ. ಹಿರಿಯರಿಗೂ ಕೊಡಿ, ಅವರಿಗೂ ಬೇಕು.